ಅರವತ್ತು ಪರ್ಸೆಂಟ್ ಡೋಸ್: ಒಂದು ಚೀಟಿಯ ವ್ಯಾಖ್ಯಾನ

ಹರಡಿದ ಜಠರದ ಕ್ಯಾನ್ಸರ್ ಇರುವ ಅಜ್ಜಿಯೊಬ್ಬರಿಗೆ ಡಾಕ್ಟರು ಬರೆಯಬಹುದಾದ ಚೀಟಿ ಇದು, ವಿವರಣೆಗೆಂದೇ ಕಲ್ಪಿಸಿದ್ದು. ಡೋಸ್ ಇಳಿಸಿದ್ದು ಕಂಡು ಮನೆಯವರು ‘ವಯಸ್ಸಾಯಿತು ಅಂತ ಕೈಬಿಟ್ಟರಾ?’ ಎಂದು ಕೇಳುವುದುಂಟು. ಉತ್ತರ ಚೀಟಿಯಲ್ಲೇ ಇದೆ.

“78 ವರ್ಷ, 45 ಕೆ.ಜಿ., ಕ್ರಿಯಾಟಿನಿನ್ 1.0.”
ಲ್ಯಾಬ್ ರಿಪೋರ್ಟಿನ ಪ್ರಕಾರ 1.0 ನಾರ್ಮಲ್. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸ್ನಾಯು ಕರಗಿದ ಮೈಯಲ್ಲಿ ಕಿಡ್ನಿ ಸೋತಿದ್ದರೂ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಂತೆ 140ರಲ್ಲಿ 78 ಕಳೆದು, 45ರಿಂದ ಗುಣಿಸಿ, 72ರಿಂದ ಭಾಗಿಸಿ, ಹೆಂಗಸಾದ್ದರಿಂದ ಮತ್ತೆ 0.85ರಿಂದ ಗುಣಿಸಿ: ಕಿಡ್ನಿ ಸೋಸುವ ಪ್ರಮಾಣ ನಿಮಿಷಕ್ಕೆ ಸುಮಾರು 33 ಮಿ.ಲೀ. ಇದು 30ರಿಂದ 50ರ ನಡುವೆ ಇದ್ದರೆ ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆಯ ಡೋಸನ್ನು ಮುಕ್ಕಾಲಿಗೆ ಇಳಿಸಬೇಕು. 30ರ ಕೆಳಗಾದರೆ ಕೊಡುವಂತಿಲ್ಲ.

“ಜಿ8: 11.”
ವಯಸ್ಸಾದ ಕ್ಯಾನ್ಸರ್ ರೋಗಿಗಳ ಮೈಸ್ಥಿತಿ ಅಳೆಯುವ ಪ್ರಶ್ನಾವಳಿ: ಎಂಟು ಪ್ರಶ್ನೆ, 17 ಅಂಕ. ಊಟ ಸೇರುತ್ತಿದೆಯೇ, ತೂಕ ಇಳಿದಿದೆಯೇ, ಓಡಾಟ ಹೇಗೆ, ದಿನಕ್ಕೆ ಮೂರಕ್ಕಿಂತ ಹೆಚ್ಚು ಔಷಧಿಯೇ? ವಯಸ್ಸಿನ ಪಾಲು ಬರೀ 2 ಅಂಕ. ಒಟ್ಟು 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ವಿವರವಾದ ಜೀರಿಯಾಟ್ರಿಕ್ (ವಯಸ್ಸಾದವರ) ತಪಾಸಣೆ ಆಗಬೇಕು.

“ಎರಡು ಸಲ ಬಿದ್ದಿದ್ದಾರೆ. ಫಿಸಿಯೋ, ಡಯಟಿಷಿಯನ್. ನಿದ್ದೆ ಮಾತ್ರೆ ಬೇಕೇ, ನೋಡುವುದು.”
ಕ್ಯಾನ್ಸರಿಗೆ ಸಂಬಂಧವಿಲ್ಲದಂತೆ ಕಾಣುವ ಸಾಲು. ಆದರೆ ಇದು ಆ ಜೀರಿಯಾಟ್ರಿಕ್ ತಪಾಸಣೆಯಿಂದ ಬಂದದ್ದು. ಅಮೆರಿಕದಲ್ಲಿ 70 ವರ್ಷ ಮೇಲ್ಪಟ್ಟ 718 ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಇಂಥ ತಪಾಸಣೆಯ ಫಲಿತಾಂಶ, ಸಲಹೆಗಳನ್ನು ಡಾಕ್ಟರ ಕೈಗೆ ಕೊಟ್ಟ ಗುಂಪಿನಲ್ಲಿ ತೀವ್ರ ಅಡ್ಡಪರಿಣಾಮ ಕಂಡವರು 51%, ಕೊಡದ ಗುಂಪಿನಲ್ಲಿ 71%. ಬಿದ್ದವರೂ ಕಡಿಮೆ.

“ಆಕ್ಸಾಲಿಪ್ಲಾಟಿನ್, ಕ್ಯಾಪೆಸಿಟಬಿನ್: 60%.”
ಕಿಡ್ನಿಯ ಲೆಕ್ಕ ಹೇಳಿದ್ದು ಮುಕ್ಕಾಲು. ಇದು ಅದಕ್ಕೂ ಕೆಳಗೆ. ಆಧಾರ ಬ್ರಿಟನ್ನಿನ ಜಿಒ2 ಅಧ್ಯಯನ. ಜಠರ, ಅನ್ನನಾಳದ ಮುಂದುವರಿದ ಕ್ಯಾನ್ಸರ್ ಇದ್ದ, ವಯಸ್ಸಾದ ಅಥವಾ ಬಳಲಿದ 514 ಮಂದಿಗೆ 100, 80, 60 ಎಂದು ಮೂರು ಮಟ್ಟದಲ್ಲಿ ಡೋಸ್ ಕೊಟ್ಟರು. ರೋಗವನ್ನು ಹತೋಟಿಯಲ್ಲಿಡುವುದರಲ್ಲಿ 60% ಹಿಂದೆ ಬೀಳಲಿಲ್ಲ. ಅಡ್ಡಪರಿಣಾಮ ಮಾತ್ರ ತಗ್ಗಿತು. ಪೂರ್ತಿ ಗುಣಪಡಿಸಲೆಂದು ಕೊಡುವ ಕೀಮೋಗೆ ಇದೇ ಲೆಕ್ಕ ಹಾಕುವಂತಿಲ್ಲ.

“ನನ್ನ ಸ್ನಾನ, ಅಡಿಗೆ ನಾನೇ ಮಾಡ್ಕೊಳ್ಳೋ ಹಾಗಿರ್ಲಿ.”
ಅಜ್ಜಿಯ ಮಾತನ್ನು ಹಾಗೇ ಬರೆದುಕೊಂಡಿದ್ದಾರೆ. ಚಿಕಿತ್ಸೆ ಪ್ರಯೋಜನಕ್ಕೆ ಬಂತೇ ಎಂಬ ರೋಗಿಯ ಅಭಿಪ್ರಾಯವನ್ನೂ ಸೇರಿಸಿ ಜಿಒ2 ಚಿಕಿತ್ಸೆಯ ಒಟ್ಟು ಪ್ರಯೋಜನವನ್ನು ಅಳೆದಿತ್ತು. ಅಲ್ಲೂ ಮುಂದಿದ್ದದ್ದು 60%. ಅಜ್ಜಿಯನ್ನು ಬಿಟ್ಟು ಮಗನನ್ನು ಹೊರಗೆ ಕರೆದು ಕೇಳಿದ್ದರೆ ಈ ಸಾಲು ಸಿಗುತ್ತಿರಲಿಲ್ಲ. ಮೊದಲ ಸೈಕಲ್ ಮುಗಿದ ಮೇಲೆ ಸ್ಕ್ಯಾನಿಗೂ ಮುಂಚೆ ಕೇಳಬೇಕಾದದ್ದು ಇದನ್ನೇ.