ಎರಡನೆಯ ಮೈಸೂರು ಯುದ್ಧದ ಹೊಣೆ: ಒಂದು ವಿಮರ್ಶೆ

೧೭೮೦ರ ಜುಲೈ ತಿಂಗಳಲ್ಲಿ ಹೈದರಾಲಿಯು ಚಂಗಮ ಕಣಿವೆಯನ್ನಿಳಿದು ಆರ್ಕಾಟು ಸೀಮೆಯನ್ನು ಹೊಕ್ಕನು. ಅಲ್ಲಿಂದ ಮೊದಲಾಗಿ ೧೭೮೪ರ ಮಾರ್ಚಿಯಲ್ಲಿ ಮಂಗಳೂರಿನ ಒಪ್ಪಂದದೊಡನೆ ಮುಗಿದ ಯುದ್ಧಕ್ಕೆ ಹೊಣೆ ಯಾರು? ಹೈದರನ ರಾಜ್ಯದಾಹವೇ ಕಾರಣವೆಂಬುದು ಆಂಗ್ಲರ ಬರಹಗಳಲ್ಲಿ ಬಹುಕಾಲ ನಡೆದುಬಂದ ಮಾತು. ಕಂಪನಿಯ ವಚನಭಂಗವೇ ಕಾರಣವೆಂಬುದು ಕನ್ನಡಿಗರಲ್ಲಿ ರೂಢವಾದ ಮಾತು. ಮೈಸೂರು ಸೀಮೆಯಿಂದ ಬಂದು, ಆ ಯುದ್ಧದ ಬೇಗೆಯಲ್ಲಿ ಬೆಂದ ನೆಲದಲ್ಲಿಯೇ ನೆಲಸಿರುವ ಚೆನ್ನೈ ಕನ್ನಡಿಗರಿಗೆ ಈ ಎರಡು ಮಾತುಗಳಲ್ಲಿ ಒಂದನ್ನು ಮಾತ್ರ ಹಿಡಿದುಕೊಳ್ಳುವುದು ಸುಲಭವಲ್ಲ.

ಮೊದಲು ನಿರ್ವಿವಾದವಾದ ಸಂಗತಿಗಳನ್ನು ನೋಡಬಹುದು. ೧೭೬೯ರಲ್ಲಿ ಹೈದರನು ಮದರಾಸಿನ ಬಾಗಿಲಿಗೇ ಬಂದು ನಿಂತಾಗ ಆದ ಒಪ್ಪಂದದಂತೆ, ಒಬ್ಬರ ಮೇಲೆ ದಾಳಿಯಾದರೆ ಮತ್ತೊಬ್ಬರು ನೆರವಾಗಬೇಕಾಗಿತ್ತು. ಮರುವರ್ಷವೇ ಪೇಶ್ವೆ ಮಾಧವರಾಯನ ಸೈನ್ಯ ಮೈಸೂರಿನ ಮೇಲೆ ಬಿದ್ದಿತು. ೧೭೭೧ರಲ್ಲಿ ಚಿನಕುರಳಿಯಲ್ಲಿ ಹೈದರನಿಗೆ ಘೋರ ಪರಾಭವವಾಯಿತು. ಮದರಾಸಿನಿಂದ ನೆರವು ಬರಲಿಲ್ಲ. ೧೭೭೯ರ ಮಾರ್ಚಿಯಲ್ಲಿ ಕಂಪನಿಯು ಫ್ರೆಂಚರ ಮಾಹೆಯನ್ನು ಹಿಡಿಯಿತು. ಹೈದರನಿಗೆ ಯುದ್ಧಸಾಮಗ್ರಿ ಬರುತ್ತಿದ್ದ ರೇವು ಅದು, ಅವನ ರಕ್ಷಣೆಯಲ್ಲಿದ್ದ ಪ್ರದೇಶದ ನಡುವಣದು. ಅದೇ ವರ್ಷ ಗುಂಟೂರಿನ ವ್ಯವಹಾರದಲ್ಲಿ ಅವನ ಅಪ್ಪಣೆಯಿಲ್ಲದೆ ಕಡಪೆಯ ಸೀಮೆಯ ಮೂಲಕ ಕಂಪನಿಯ ಪಡೆ ಹೊರಟಿತು. ಇವೆಲ್ಲವೂ ಸೇಂಟ್ ಜಾರ್ಜ್ ಕೋಟೆಯ ಆಡಳಿತದ ಲೆಕ್ಕಕ್ಕೆ ಸೇರತಕ್ಕವು.

ಈ ಲೆಕ್ಕವನ್ನು ಬಹು ತೀಕ್ಷ್ಣವಾಗಿ ಒಪ್ಪಿಸಿದವನು ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯನೇ ಆದ ಎಡ್ಮಂಡ್ ಬರ್ಕ್. ೧೭೮೫ರ ಫೆಬ್ರುವರಿ ೨೮ರಂದು ಪಾರ್ಲಿಮೆಂಟಿನಲ್ಲಿ ಆರ್ಕಾಟು ನವಾಬನ ಸಾಲಗಳನ್ನು ಕುರಿತು ಅವನು ಮಾಡಿದ ಭಾಷಣದಲ್ಲಿ ದೋಷವು ಆಂಗ್ಲ ರಾಷ್ಟ್ರದ ಮೇಲಲ್ಲ, ನವಾಬ ಮುಹಮ್ಮದಾಲಿಗೆ ಸಾಲ ಕೊಟ್ಟು ಅವನ ಬೊಕ್ಕಸವನ್ನೂ ಮದರಾಸಿನ ರಾಜನೀತಿಯನ್ನೂ ವಶಮಾಡಿಕೊಂಡಿದ್ದ ಕಂಪನಿಯ ನೌಕರರ ಮೇಲೆ ಬೀಳುತ್ತದೆ. ಹೊಣೆಯನ್ನು ಜನಾಂಗದಿಂದ ಬಿಡಿಸಿ ವ್ಯಕ್ತಿಗಳ ಲಾಭದಲ್ಲಿ ಹುಡುಕಿದ್ದು ಬರ್ಕನ ಹೆಚ್ಚಳ. ಆದರೆ ಆ ಸಾಲವನ್ನು ವಿಚಾರಣೆಯಿಲ್ಲದೆ ತೀರಿಸಲು ಹೊರಟಿದ್ದ ಮಂತ್ರಿಮಂಡಲವನ್ನು ಎದುರಿಸುವುದು ಅವನ ಉದ್ದೇಶವಾಗಿತ್ತು. ಆದುದರಿಂದ ಹೈದರನು ಅಲ್ಲಿ ಲೆಕ್ಕಾಚಾರವುಳ್ಳ ಅರಸನಾಗಿ ಉಳಿಯದೆ, ಪಾಪಕ್ಕೆ ತಕ್ಕ ದಂಡನೆಯಂತೆ ಬಂದೆರಗುವ ಪ್ರಕೃತಿಶಕ್ತಿಯಾಗುತ್ತಾನೆ. ಬಿರುಗಾಳಿಗೆ ಹೊಣೆಯಿಲ್ಲ, ಅರಸನಿಗೆ ಉಂಟು.

ಮಾರ್ಕ್ ವಿಲ್ಕ್ಸನ ಇತಿಹಾಸ ಇದಕ್ಕಿಂತ ಸಮಾಧಾನದ ಕೃತಿ. ಮೈಸೂರಿನ ರೆಸಿಡೆಂಟನಾಗಿದ್ದ ಅವನು ಸ್ಥಳೀಯ ಆಧಾರಗಳನ್ನು ಶ್ರಮಪಟ್ಟು ಕೂಡಿಸಿದನು. ಮದರಾಸಿನ ಲೋಪಗಳನ್ನು ಪೂರ್ತಿಯಾಗಿ ಮುಚ್ಚಿಡಲೂ ಇಲ್ಲ. ಆದರೆ ಅದರ ಮೊದಲ ಸಂಪುಟ ಹೊರಬಂದದ್ದು ೧೮೧೦ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಹನ್ನೊಂದು ವರ್ಷಗಳ ಮೇಲೆ. ಕಥೆಯ ಕೊನೆಯನ್ನು ಬಲ್ಲ ಲೇಖಕನಿಗೆ ಹೈದರ್–ಟಿಪ್ಪು ಇಬ್ಬರ ಆಳ್ವಿಕೆಯೂ ನ್ಯಾಯವಾದ ಅರಸುಮನೆಯ ನಡುವೆ ಬಂದೊದಗಿದ ಅಪಹಾರವಾಗಿ ಕಂಡರೆ ಸೋಜಿಗವಿಲ್ಲ. ಅಪಹಾರಿಯು ಹೂಡಿದ ಯುದ್ಧವೆಲ್ಲ ಅವನ ಸ್ವಭಾವದ ಫಲವೆಂಬ ಭಾವನೆ ಇದರಿಂದ ಓದುಗನಲ್ಲಿ ತಾನಾಗಿಯೇ ಮೂಡುತ್ತದೆ.

ಇಬ್ಬರ ತೀರ್ಪಿನಲ್ಲಿಯೂ ಸಾಕಷ್ಟು ತೂಗದೆ ಉಳಿದ ಅಂಶವೊಂದುಂಟು: ಕೆಣಕುವಿಕೆ ಬೇರೆ, ನಿರ್ಧಾರ ಬೇರೆ. ೧೭೮೦ರ ಆರಂಭದ ವೇಳೆಗೆ ಹೈದರನು ಪುಣೆಯೊಡನೆ ಒಪ್ಪಂದಕ್ಕೆ ಬಂದಿದ್ದನು. ಕೃಷ್ಣಾನದಿಯವರೆಗಿನ ಸೀಮೆಯ ಮೇಲೆ ಅವನ ಒಡೆತನಕ್ಕೆ ಅದರಿಂದ ಮನ್ನಣೆ ದೊರೆಯಿತು. ಹತ್ತು ವರ್ಷಗಳ ಹಿಂದೆ ತನ್ನನ್ನು ತುಳಿದವರೊಡನೆ ಕೈಜೋಡಿಸಿದ್ದು ಕೇವಲ ಕೋಪದ ಕೆಲಸವಲ್ಲ, ಲಾಭನಷ್ಟಗಳನ್ನು ತೂಗಿದ ರಾಜನೀತಿ. ಮದರಾಸಿನ ಸುತ್ತಣ ಹಳ್ಳಿಗಳನ್ನು ಸುಟ್ಟು ಕೋಟೆಗೆ ಧಾನ್ಯ ಬಾರದಂತೆ ಮಾಡಿದ್ದೂ ಹಾಗೆಯೇ. ಅದರ ಹಿಂದೆಯೇ ಬಂದ ಕ್ಷಾಮದಲ್ಲಿ ಸತ್ತವರು ನವಾಬನಿಗೆ ಸಾಲ ಕೊಟ್ಟವರಲ್ಲ. ೧೭೮೦ರ ಸೆಪ್ಟೆಂಬರ್ ೧೦ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಬೈಲಿಯ ಪಡೆ ನಾಶವಾದುದು ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ವಿಜಯಚಿತ್ರವಾಗಿ ನಿಂತಿದೆ. ಊರು ಬಿಟ್ಟೋಡಿದ ರೈತನ ಚಿತ್ರವನ್ನು ಯಾವ ಅರಮನೆಯೂ ಬರೆಸಲಿಲ್ಲ.

ಒಂದೇ ಪಕ್ಷದ ಮೇಲೆ ಹೊಣೆ ಹೊರಿಸುವ ಮಾತು ಎಷ್ಟು ದುರ್ಬಲವೆಂಬುದಕ್ಕೆ ನಂತರದ ಶತಮಾನದ ನಿದರ್ಶನವೂ ಉಂಟು. ೧೯೧೪ರ ಸೆಪ್ಟೆಂಬರ್ ೨೨ರ ರಾತ್ರಿ ಎಂಡೆನ್ ಹಡಗು ಗುಂಡು ಹಾರಿಸಿದ ಮದರಾಸಿಗೆ ಜರ್ಮನಿಯ ತಪ್ಪು ಕಣ್ಣಿಗೆ ಕಂಡ ಸಂಗತಿ. ೧೯೧೯ರ ವರ್ಸೈಲ್ಸ್ ಒಪ್ಪಂದದ ೨೩೧ನೆಯ ವಿಧಿ ಯುದ್ಧನಷ್ಟದ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲಿಟ್ಟಿತು. ೧೯೬೧ರಲ್ಲಿ ಜರ್ಮನ್ ವಿದ್ವಾಂಸ ಫ್ರಿಟ್ಸ್ ಫಿಷರನೇ ತನ್ನ ದೇಶದ ಹೊಣೆಯನ್ನು ಒತ್ತಿ ಹೇಳಿದನು. ೨೦೧೨ರಲ್ಲಿ ಕ್ರಿಸ್ಟೊಫರ್ ಕ್ಲಾರ್ಕ್ ಅದನ್ನು ಯೂರೋಪಿನ ಹಲವು ರಾಜಧಾನಿಗಳಿಗೆ ಹಂಚಿದನು. ಹಂಚಿಕೆಯೆಂದರೆ ಸಮಪಾಲು ಎಂದರ್ಥವಲ್ಲ.

ಎರಡನೆಯ ಮೈಸೂರು ಯುದ್ಧದಲ್ಲಿಯೂ ಪಾಲು ಸಮವಲ್ಲ. ಯುದ್ಧವನ್ನು ಅನಿವಾರ್ಯದ ಅಂಚಿಗೆ ತಂದ ದೋಷದಲ್ಲಿ ಹಿರಿಯ ಪಾಲು ಮದರಾಸಿನ ಆಡಳಿತದ್ದು. ಯುದ್ಧವನ್ನು ಹೂಡಿ, ಅದನ್ನು ರೈತನ ಮನೆಯವರೆಗೆ ಒಯ್ದ ಹೊಣೆ ಹೈದರನದು. ಹೈದರನ ಮೊದಲ ದಾಳಿಯ ಭಯದಿಂದ ಮದರಾಸಿನ ಕರಿಯರ ಪೇಟೆಗೆ ಕಟ್ಟಿದ ಗೋಡೆಯ ನೆನಪು ಇಂದಿಗೂ ವಾಲ್ ಟ್ಯಾಕ್ಸ್ ರಸ್ತೆಯೆಂಬ ಹೆಸರಿನಲ್ಲಿ ಉಳಿದಿದೆ. ಅದನ್ನು ಗುತ್ತಿಗೆ ಹಿಡಿದು ಕಟ್ಟಿಸಿದವನು ಪಾಲ್ ಬೆನ್‌ಫೀಲ್ಡ್, ಬರ್ಕನು ಹೆಸರೆತ್ತಿ ನಿಂದಿಸಿದ ಸಾಲಗಾರರ ಮುಖ್ಯಸ್ಥ. ಭಯವನ್ನು ಹುಟ್ಟಿಸಿದವರು ಯಾರು, ಅದರಿಂದ ಲಾಭ ಪಡೆದವರು ಯಾರು ಎಂಬೆರಡನ್ನೂ ಕೂಡಿಯೇ ಕೇಳಬೇಕಾದುದು ಕನ್ನಡ ಇತಿಹಾಸ ವಿಮರ್ಶೆಯ ಕರ್ತವ್ಯವಾಗಿದೆ.