ಮೋಡವನ್ನೂ ಬರೆದಿಟ್ಟವರು

ನೆಟ್ಟ ಕಲ್ಲು ಕಂಡಲ್ಲೆಲ್ಲ ವೇಧಶಾಲೆ ಕಾಣುವವರ ಉತ್ಸಾಹ ಇಳಿಯುವ ಲಕ್ಷಣವಿಲ್ಲ. 1965ರಲ್ಲಿ ಜೆರಾಲ್ಡ್ ಹಾಕಿನ್ಸ್ ಸ್ಟೋನ್‌ಹೆಂಜ್ ಅನ್ನು ಗ್ರಹಣದ ಲೆಕ್ಕಯಂತ್ರವೆಂದರು. 1994ರಲ್ಲಿ ರಾಬರ್ಟ್ ಬೌವಾಲ್ ಗೀಜಾದ ಮೂರು ಪಿರಮಿಡ್ಡುಗಳನ್ನು ಮಹಾವ್ಯಾಧನ ನಡುಪಟ್ಟಿಗೆ ಹೊಂದಿಸಿದರು. ಹತ್ತಾರು ಕಲ್ಲುಗಳಿರುವ ಕಡೆ ಎರಡೆರಡನ್ನು ಜೋಡಿಸುತ್ತ ಹೋದರೆ ನೂರಾರು ಗೆರೆ ಸಿಗುತ್ತವೆ. ಸೂರ್ಯ, ಚಂದ್ರ, ಪ್ರಖರ ತಾರೆಗಳು ಹುಟ್ಟಿ ಮುಳುಗುವ ತಾಣಗಳಿಗೂ ದಿಗಂತದಲ್ಲಿ ಬರವಿಲ್ಲ. ಯಾವ ಗೆರೆಯೂ ಯಾವುದಕ್ಕೂ ತಗುಲದಿದ್ದರೇ ಅಚ್ಚರಿಪಡಬೇಕು. ಸ್ಟೋನ್‌ಹೆಂಜಿನ ಮುಖ್ಯ ಅಕ್ಷವಾಗಲಿ, ಚಳಿಗಾಲದ ಅತಿ ಚಿಕ್ಕ ಹಗಲಿನ ಸೂರ್ಯನನ್ನು ಒಳಗೆ ಬಿಟ್ಟುಕೊಳ್ಳುವ ಐರ್ಲೆಂಡಿನ ನ್ಯೂಗ್ರೇಂಜ್ ಆಗಲಿ ಕಾಕತಾಳೀಯವಲ್ಲ, ಒಪ್ಪೋಣ. ಆದರೆ ಪ್ರಾಚೀನರ ಆಕಾಶಜ್ಞಾನದ ಹೆಚ್ಚುಗಾರಿಕೆಗೆ ಸಾಕ್ಷಿ ಬೇಕಾದರೆ ಕಲ್ಲನ್ನು ಬಿಟ್ಟು ಜೇಡಿಮಣ್ಣಿಗೆ ಬರಬೇಕು.

ಬ್ಯಾಬಿಲೋನಿನ ಲಿಪಿಕಾರರು ಮಣ್ಣಿನ ಹಲಗೆಗಳ ಮೇಲೆ ಬರೆದ ಆಕಾಶದ ದಿನಚರಿಗಳಲ್ಲಿ ನಮಗೆ ಉಳಿದಿರುವ ಅತಿ ಹಳೆಯದು ಕ್ರಿ.ಪೂ. 652ರದು, ಕೊನೆಯದು ಕ್ರಿ.ಪೂ. 61ರ ಸುಮಾರಿನದು. ಅಸ್ಸೀರಿಯರು, ಪರ್ಷಿಯನ್ನರು, ಗ್ರೀಕರು, ಪಾರ್ಥಿಯನ್ನರು ಒಬ್ಬರ ಹಿಂದೊಬ್ಬರು ಆಳಿ ಹೋದರೂ ಬರವಣಿಗೆ ನಿಲ್ಲಲಿಲ್ಲ. ಚಂದ್ರ ಯಾವ ತಾರೆಯನ್ನು ಎಷ್ಟು ದೂರದಲ್ಲಿ ದಾಟಿದ, ಸೂರ್ಯಾಸ್ತಕ್ಕೂ ಚಂದ್ರಾಸ್ತಕ್ಕೂ ಎಷ್ಟು ಅಂತರ, ಯಾವ ಗ್ರಹ ಎಂದು ಮರೆಯಾಯಿತು. ಇವುಗಳ ಜೊತೆಗೆ ಯೂಫ್ರಟಿಸ್ ನದಿಯ ಮಟ್ಟ, ಒಂದು ಶೆಕೆಲ್ ಬೆಳ್ಳಿಗೆ ಎಷ್ಟು ಬಾರ್ಲಿ, ಖರ್ಜೂರ, ಎಳ್ಳು, ಉಣ್ಣೆ ಎಂಬ ಪೇಟೆಧಾರಣೆಯೂ ಇದೆ. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ತೀರಿಕೊಂಡ ದಿನದ ನಮೂದಿನಲ್ಲಿ ಅರಸನ ಸಾವಿನ ಪಕ್ಕದಲ್ಲೇ ಮೋಡದ ಮಾತೂ ಇದೆ. ಜಗಜ್ಜೇತನಿಗೆ ಸಿಕ್ಕ ಜಾಗ ಮೋಡಕ್ಕೆ ಸಿಕ್ಕಷ್ಟೇ! ಈ ಹಲಗೆಗಳಲ್ಲಿ ಮತ್ತೆ ಮತ್ತೆ ಎದುರಾಗುವುದು ಮೋಡವಿತ್ತು, ನೋಡಲಾಗಲಿಲ್ಲ ಎಂಬರ್ಥದ ಒಕ್ಕಣೆ. ನನ್ನ ಲೆಕ್ಕದಲ್ಲಿ ಇಡೀ ಪರಂಪರೆಯ ಕಿರೀಟ ಅದೇ. ಕಂಡದ್ದನ್ನು ಯಾರಾದರೂ ಬರೆದಾರು. ಕಾಣದ್ದನ್ನು ಕಾಣಲಿಲ್ಲವೆಂದು ಬರೆಯಲು ಶಿಸ್ತು ಬೇಕು.

ಇವರು ಶಕುನ ನೋಡುವವರಲ್ಲವೇ, ಇವರನ್ನು ವಿಜ್ಞಾನಿಗಳ ಪಂಕ್ತಿಯಲ್ಲಿ ಕೂರಿಸುವುದೇ ಎಂಬ ಆಕ್ಷೇಪ ಹಳೆಯದು. ನಿಜ, ಎನೂಮಾ ಅನು ಎನ್‌ಲಿಲ್ ಎಂಬ ಎಪ್ಪತ್ತರಷ್ಟು ಹಲಗೆಗಳ ಶಕುನಸಂಗ್ರಹ ಇವರದೇ ನಾಡಿನದು. ಚಂದ್ರಗ್ರಹಣವೆಂದರೆ ಅರಸನಿಗೆ ಕೇಡು ಎಂದು ನಂಬಿದವರು. ಆದರೆ ಭಯದಿಂದ ಹುಟ್ಟಿದ ನೋಟವಾದರೂ ಭಯಕ್ಕೆ ತಕ್ಕಂತೆ ನಮೂದನ್ನು ತಿದ್ದಿಕೊಳ್ಳಲಿಲ್ಲ. ತಿದ್ದಿಕೊಂಡಿದ್ದರೆ 18 ವರ್ಷದ ಗ್ರಹಣಚಕ್ರ ಕೈಗೆ ಸಿಗುತ್ತಿತ್ತೇ? ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಲಿಪಿಯೇ ಇಲ್ಲದ ಜನರನ್ನು ದಿನಚರಿ ತೋರಿಸಿ ಎಂದು ಕೇಳುವುದು ಅನ್ಯಾಯ. ಕೇಳಬೇಕಾಗಿಯೂ ಇಲ್ಲ. ಪೆಸಿಫಿಕ್ ಸಾಗರದ ನಾವಿಕರು ತಾರೆಗಳು ಹುಟ್ಟಿ ಮುಳುಗುವ ದಿಕ್ಕುಗಳನ್ನು ಬಾಯಿಪಾಠದಲ್ಲೇ ಉಳಿಸಿಕೊಂಡರು. 1976ರಲ್ಲಿ ಮೈಕ್ರೊನೇಷಿಯಾದ ಮಾವು ಪಿಯೈಲಗ್ ಯಾವ ಉಪಕರಣವೂ ಇಲ್ಲದೆ ಹೊಕುಲೆಆ ದೋಣಿಯನ್ನು ಹವಾಯಿಯಿಂದ ತಾಹಿತಿಗೆ ಮುಟ್ಟಿಸಿದರು. ತಾರೆ ತಪ್ಪಿದರೆ ದ್ವೀಪ ತಪ್ಪುತ್ತದೆ, ನೀರು ಮುಗಿಯುತ್ತದೆ. ಪ್ರತಿ ಯಾನವೂ ಆ ಜ್ಞಾನಕ್ಕೆ ಪರೀಕ್ಷೆ. ಗೆರೆ ಎಳೆಯುವವರ ವಾದದಲ್ಲಿ ನನಗೆ ಕಾಣದಿರುವುದು ಸೋಲಲು ಸಾಧ್ಯವಿರುವ ಇಂಥ ಪರೀಕ್ಷೆಯೇ.

ಬ್ಯಾಬಿಲೋನಿನ ನಮೂದುಗಳು ಇಂದಿಗೂ ಪರೀಕ್ಷೆಗೆ ನಿಲ್ಲುತ್ತವೆ. ಕ್ರಿ.ಪೂ. 136ರ ಏಪ್ರಿಲ್ 15ರಂದು ಆ ನಗರದಲ್ಲಿ ಖಗ್ರಾಸ ಸೂರ್ಯಗ್ರಹಣವಾಯಿತೆಂದು ಹಲಗೆ ಹೇಳುತ್ತದೆ. ಭೂಮಿ ಅಂದಿನಿಂದ ಇಂದಿನವರೆಗೆ ಒಂದೇ ವೇಗದಲ್ಲಿ ತಿರುಗಿದೆಯೆಂದು ಲೆಕ್ಕ ಹಾಕಿದರೆ ನೆರಳಿನ ಹಾದಿ ಸುಮಾರು 49 ಡಿಗ್ರಿ ಪಶ್ಚಿಮಕ್ಕೆ ಹೋಗಿಬಿಡುತ್ತದೆ. ಭೂಮಿಯ ತಿರುಗು ನಿಧಾನವಾಗುತ್ತಿದೆ, ಶೇಖರವಾದ ವ್ಯತ್ಯಾಸ ಮೂರು ಗಂಟೆಗೂ ಮಿಕ್ಕಿದ್ದು ಎಂಬುದನ್ನು ರಿಚರ್ಡ್ ಸ್ಟೀಫನ್‌ಸನ್ ಇಂಥ ದಾಖಲೆಗಳಿಂದಲೇ ಅಳೆದರು. ನಮ್ಮ ಶಾಸನಗಳಲ್ಲೂ ಗ್ರಹಣಗಳಿಗೆ ಕೊರತೆಯಿಲ್ಲ, ಬಿ.ಎಸ್. ಶೈಲಜಾ ಅವರು ಅವನ್ನು ಹುಡುಕಿ ಖಗೋಳದ ಲೆಕ್ಕಕ್ಕೆ ಒಡ್ಡಿದ್ದಾರೆ. ತೊಡಕೆಂದರೆ ಶಾಸನಕ್ಕೆ ಮುಖ್ಯವಾದದ್ದು ಗ್ರಹಣದ ನಿಮಿತ್ತ ಕೊಟ್ಟ ಭೂಮಿ, ಅದರ ಗಡಿ, ಪಡೆದವರ ಹೆಸರು. ಪಂಚಾಂಗ ಗ್ರಹಣವೆಂದರೆ ಆಷಾಢದ ಮೋಡದಡಿಯಲ್ಲೂ ಧಾರೆ ಎರೆಯಬಹುದಿತ್ತು. ಆದ್ದರಿಂದ ಒಂದೊಂದು ಶಾಸನವನ್ನೂ, ಅಂದು ಅಲ್ಲಿ ಗ್ರಹಣ ಕಾಣಿಸುತ್ತಿತ್ತೇ ಎಂದು ಬೇರೆಯಾಗಿಯೇ ತೂಗಬೇಕಾಗುತ್ತದೆ.