ಗೆರೆ ಮುಟ್ಟದೆ ದೂಳು ಒರೆಸಿದರು

ಚಿಕ್ಕವರಿದ್ದಾಗ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಕಣ್ಣು ಮಿಟುಕಿಸದೆ ನೋಡಿದ ಜಪಾನಿನ ರಾಮಾಯಣ, 2025ರ ಜನವರಿ 24ರಂದು 4ಕೆ ರೂಪದಲ್ಲಿ ಚಿತ್ರಮಂದಿರಕ್ಕೇ ಬಂತು. ಜಪಾನಿನ ನಿರ್ದೇಶಕ ಯುಗೊ ಸಾಕೊ ನಮ್ಮ ಅನಿಮೇಷನ್ ಕಲಾವಿದ ರಾಮ್ ಮೋಹನ್ ಜೊತೆಗೂಡಿ 1990ರ ದಶಕದ ಆರಂಭದಲ್ಲಿ ತಂದ ಈ ಚಿತ್ರ ಕೈಯಲ್ಲೇ ಬರೆದು ಬಣ್ಣ ತುಂಬಿದ್ದು. ಕುಂಭಕರ್ಣ ಹೆಜ್ಜೆಯಿಟ್ಟರೆ ವಾನರರು ಇರುವೆಗಳಂತೆ ಚೆದುರುತ್ತಾರೆ. ಅವನ ಗಾತ್ರ ತಿಳಿಯಲು ದೊಡ್ಡ ಪರದೆಯೇ ಬೇಕು. ವನರಾಜ್ ಭಾಟಿಯಾ ಸಂಯೋಜಿಸಿದ ಸಂಸ್ಕೃತ ಹಾಡುಗಳಿಗೂ ವಯಸ್ಸಾಗಿಲ್ಲ.

ಇಂಗ್ಲಿಷ್ ಜೊತೆಗೆ ಹಿಂದಿ, ತಮಿಳು, ತೆಲುಗಿನಲ್ಲೂ ಬಂದದ್ದರಿಂದ ವಿಶಾಖಪಟ್ಟಣ, ವಿಜಯವಾಡದ ಮಕ್ಕಳಿಗೆ ರಾಮ ಮನೆಮಾತಿನಲ್ಲೇ ಸಿಕ್ಕ. ಕಥೆ ತಿದ್ದಲಿಲ್ಲ, ಕಂಪ್ಯೂಟರ್ ಗೊಂಬೆಗಳನ್ನು ತುರುಕಲಿಲ್ಲ; ಹಳೆಯದಕ್ಕೆ ಹೊಸ ಜೀವ ಕೊಡುವ ಸರಿಯಾದ ರೀತಿ ಇದೇ. ಆದರೆ ಚಿತ್ರ ಬಂದ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ನಮ್ಮ ಮಕ್ಕಳಿಗಾಗಿ ಯಾರಾದರೂ ಕನ್ನಡಕ್ಕೂ ಡಬ್ ಮಾಡಲಿ.